ಪಚೀನಾ ಕೊಲ್ಲಿಯ ಜನ ಹೇಳುತ್ತಿದ್ದುದು

ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ತೀರದಲ್ಲಿ ಪಚೀನಾ ಎಂಬ ಕೊಲ್ಲಿಯಿದೆ. ಅಲ್ಲಿನ ಮೂಲನಿವಾಸಿಗಳಾದ ಹೂ-ಆಯ್-ಆಟ್ ಜನರ ಹಿರಿಯ ಮುಖಂಡ ಲೂಯಿ ನೂಕ್ಮಿಸ್ ಅವರು 1964ರಲ್ಲಿ, ತಮ್ಮ ಹಿಂದಿನವರು ಹೇಳುತ್ತ ಬಂದಿದ್ದ ಒಂದು ಸಂಗತಿಯನ್ನು ದಾಖಲೆಗಾಗಿ ಹೇಳಿದರು. ಕೊಲ್ಲಿಯ ದಂಡೆಯ ಮೇಲೆ ಒಂದು ಊರಿತ್ತು. ಅಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಅವರಿಗೊಬ್ಬ ಮುಖಂಡನಿದ್ದ, ಅವನ ಹೆಸರೂ ಕಥನದಲ್ಲಿದೆ. ನೆಲ ನಡುಗಿದ್ದು ರಾತ್ರಿಯ ಹೊತ್ತು ಇರಬೇಕು. ಆಮೇಲೆ ದೊಡ್ಡ ಅಲೆಯೊಂದು ದಂಡೆಗೆ ಅಪ್ಪಳಿಸಿತು. ತಪ್ಪಿಸಿಕೊಳ್ಳಲು ದಾರಿಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ದಂಡೆಯ ಊರಿನವರೆಲ್ಲ ಕೊಚ್ಚಿಹೋದರು. ಗುಡ್ಡಕ್ಕೆ ಒರಗಿಕೊಂಡಂತಿದ್ದ ಇನ್ನೊಂದು ನೆಲೆಯವರು ಮಾತ್ರ, ಎತ್ತರದಲ್ಲಿದ್ದ ಕಾರಣಕ್ಕೆ ಬದುಕಿಕೊಂಡರು. ಈ ನೆಲ ಆಗೊಮ್ಮೆ ಈಗೊಮ್ಮೆ ಮಾಡುವ ಕೆಲಸದಿಂದಾಗಿಯೇ ಆ ಊರಿನವರು ಯಾರೂ ಉಳಿಯಲಿಲ್ಲ ಎಂಬ ಅರ್ಥದ ಮಾತೂ ಅವರ ಕಥನದಲ್ಲಿದೆ.

ಅದೇ ವರ್ಷದ ಮಾರ್ಚಿನಲ್ಲಿ ಅಲಾಸ್ಕಾದ ಮಹಾಭೂಕಂಪದ ಅಲೆಗಳು ಇದೇ ದ್ವೀಪದ ಪೋರ್ಟ್ ಆಲ್ಬರ್ನಿ ಪಟ್ಟಣದೊಳಗೆ ನುಗ್ಗಿದ್ದವು. ಆದರೆ ನೂಕ್ಮಿಸ್ ಹೇಳಿದ್ದು ದೂರದಿಂದ ಬಂದ ಅಲೆಯ ವಿಷಯವನ್ನಲ್ಲ. ಮೊದಲು ಕಾಲ ಕೆಳಗಿನ ನೆಲವೇ ನಡುಗಿ, ಅನಂತರ ಸಮುದ್ರ ಮೇಲೇರಿ ಬಂದುದನ್ನು. ಅಂಥದ್ದೊಂದು ಈ ತೀರದಲ್ಲಿ ನಡೆಯಬಲ್ಲುದು ಎಂದು ಆ ಹೊತ್ತಿನ ಭೂವಿಜ್ಞಾನ ಹೇಳುತ್ತಿರಲಿಲ್ಲ. ಭೂಮಿಯ ಹೊರಪದರ ಚಲಿಸುವ ಬೃಹತ್ ಫಲಕಗಳಿಂದ ಆಗಿದೆ ಎನ್ನುವ ಭೂಫಲಕಗಳ ಸಿದ್ಧಾಂತವೇ ಆಗಿನ್ನೂ ರೂಪುಗೊಳ್ಳುತ್ತಿತ್ತು. ಅದು ನೆಲೆಗೊಂಡ ಮೇಲೆ, ವ್ಯಾಂಕೂವರ್ ದ್ವೀಪದಿಂದ ಉತ್ತರ ಕ್ಯಾಲಿಫೋರ್ನಿಯಾದವರೆಗೆ ಸುಮಾರು ಒಂದು ಸಾವಿರ ಕಿಲೋಮೀಟರ್ ಉದ್ದಕ್ಕೆ ಸಮುದ್ರದ ಫಲಕವೊಂದು ಉತ್ತರ ಅಮೆರಿಕದ ಅಡಿಗೆ ನುಸುಳುತ್ತಿದೆ ಎಂಬುದು ಸ್ಪಷ್ಟವಾಯಿತು. ಕ್ಯಾಸ್ಕೇಡಿಯಾ ಎಂದು ಕರೆಯುವ ಈ ವಲಯದಲ್ಲಿ ಮಹಾಭೂಕಂಪ ಆದದ್ದಕ್ಕೆ ಬರಹದ ಸಾಕ್ಷಿ ಮಾತ್ರ ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ಕ್ಯಾಪ್ಟನ್ ಕುಕ್‌ನ ಹಡಗುಗಳು ಈ ದ್ವೀಪದ ನೂಟ್ಕಾ ಕೊಲ್ಲಿಗೆ ಬಂದದ್ದು 1778ರಲ್ಲಿ. ಇಲ್ಲಿ ಬರೆದಿಟ್ಟ ಚರಿತ್ರೆ ಆರಂಭವಾಗುವುದೇ ಹೆಚ್ಚುಕಡಿಮೆ ಅಲ್ಲಿಂದ. ಎರಡು ಶತಮಾನಗಳ ಮೌನವನ್ನು ಆಧಾರವಾಗಿಟ್ಟುಕೊಂಡು, ಇಲ್ಲಿ ಫಲಕಗಳು ಸದ್ದಿಲ್ಲದೆ ಜಾರುತ್ತಿವೆ ಎಂದು 1980ರ ದಶಕದವರೆಗೂ ಅನೇಕ ತಜ್ಞರು ಭಾವಿಸಿದ್ದರು.

ಆ ಎರಡು ಶತಮಾನಗಳಿಗೂ ಹಿಂದಿನಿಂದ ಇಲ್ಲಿ ಜನ ಇದ್ದರು, ಅವರು ಮಾತನಾಡುತ್ತಿದ್ದರು ಎಂಬ ಸರಳ ಸಂಗತಿ ಆ ಲೆಕ್ಕಾಚಾರದಲ್ಲಿ ಸೇರಿರಲಿಲ್ಲ. ನನ್ನನ್ನು ಬಹುಕಾಲ ಕಾಡಿರುವುದು ಇದೇ. ಮೂಲನಿವಾಸಿಗಳ ಕಥನ ಮತ್ತು ಭೂವಿಜ್ಞಾನ ಎರಡೂ ಒಂದೇ ಘಟನೆಯ ಕಡೆಗೆ ಕೈ ತೋರಿಸಿದಾಗ, ವಿಜ್ಞಾನವು ಕತೆಯನ್ನು ನಿಜವೆಂದು ಸಾಬೀತುಪಡಿಸಿತು ಎಂದು ಪತ್ರಿಕೆಗಳು ಬರೆಯುತ್ತವೆ. ನಡೆದದ್ದನ್ನು ಕ್ರಮವಾಗಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹೇಳುವವರು ಮೊದಲಿನಿಂದಲೂ ಹೇಳುತ್ತಿದ್ದರು. ಕೇಳಿಸಿಕೊಳ್ಳುವ ಕಿವಿ ತಯಾರಾಗಲು ನೂರು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು.

ನೂಕ್ಮಿಸ್‌ಗಿಂತ ನೂರು ವರ್ಷ ಹಿಂದೆ, 1864ರಲ್ಲಿ, ಇಂದಿನ ವಾಷಿಂಗ್ಟನ್ ರಾಜ್ಯದ ವಾಯವ್ಯ ತುದಿಯಲ್ಲಿರುವ ನೀಯಾ ಬೇ ಎಂಬಲ್ಲಿ ಮಕಾ ಜನರ ನಡುವೆ ಶಿಕ್ಷಕರಾಗಿದ್ದ ಜೇಮ್ಸ್ ಸ್ವಾನ್, ಬಿಲ್ಲಿ ಬಾಲ್ಚ್ ಎಂಬ ಮಕಾ ಮುಖಂಡರ ಬಾಯಿಂದ ಕೇಳಿದ್ದನ್ನು ಬರೆದಿಟ್ಟರು. ತುಂಬ ಹಿಂದೆ, ಆದರೆ ತೀರ ಪುರಾತನವೆನ್ನುವಷ್ಟು ಹಿಂದೆಯಲ್ಲ, ನೀಯಾ ಬೇ ಮತ್ತು ವಾಚ್ ಎಂಬ ಊರಿನ ನಡುವಿನ ತಗ್ಗು ಬಯಲಿನಲ್ಲಿ ಸಮುದ್ರ ಹರಿದು ಅಲ್ಲಿನ ಭೂಶಿರವೇ ದ್ವೀಪವಾಗಿತ್ತು. ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದು ಕೊಲ್ಲಿ ಒಣಗಿತು. ಅನಂತರ ಏರಿ ಬಂದು ಎಲ್ಲವನ್ನೂ ಮುಳುಗಿಸಿತು. ದೋಣಿಗಳಲ್ಲಿ ಹೊರಟವರನ್ನು ಉತ್ತರಕ್ಕೆ ಸೆಳೆದೊಯ್ದಿತು. ಇಳಿಯುವಾಗ ಎಷ್ಟೋ ದೋಣಿಗಳು ಮರಗಳ ಮೇಲೆ ಸಿಕ್ಕಿ ಒಡೆದವು, ಬಹಳ ಜನ ಸತ್ತರು. ಈ ವಿವರಣೆಯನ್ನು ಒಳಗೊಂಡ ಸ್ವಾನ್ ಅವರ ಬರಹವನ್ನು ಸ್ಮಿತ್ಸೋನಿಯನ್ ಸಂಸ್ಥೆಯೇ ಪ್ರಕಟಿಸಿತು. ಎಂದರೆ, ಓದಬಲ್ಲವರ ಕೈಗೆಟುಕುವ ಹಾಗೆ ಅದು ಗ್ರಂಥಾಲಯಗಳಲ್ಲಿ ಇತ್ತು. ಅದನ್ನು ಭೂಕಂಪಶಾಸ್ತ್ರದ ಕಣ್ಣಿನಿಂದ ತೆರೆದು ನೋಡಿದವರು ಥಾಮಸ್ ಹೀಟನ್ ಮತ್ತು ಪಾರ್ಕ್ ಸ್ನೇವ್ಲಿ. ಮೂಲನಿವಾಸಿಗಳ ಕಥನದ ಆಧಾರದಿಂದ ಈ ತೀರದಲ್ಲಿ ಸುನಾಮಿ ನಡೆದಿರಬಹುದು ಎಂದು ಊಹಿಸಿದ ಅವರ ಲೇಖನ ಬಂದದ್ದು 1985ರಲ್ಲಿ. ಅವರು ಬಹಳ ಎಚ್ಚರಿಕೆಯಿಂದ ಬರೆದರು. ಇದು ಸೂಚನೆಯೇ ಹೊರತು ನಿರ್ಣಯವಲ್ಲ, ನೆಲದಲ್ಲಿ ಹುಡುಕಬೇಕು ಎಂಬ ಧಾಟಿ ಅದರದು. ಇಂಥ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ.

ಹುಡುಕಾಟ ಮರುವರ್ಷವೇ ಫಲ ಕೊಟ್ಟಿತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ರಯಾನ್ ಆಟ್‌ವಾಟರ್ 1986ರಲ್ಲಿ ನೀಯಾ ಬೇ ಬಳಿಯ ಜೌಗಿನಲ್ಲಿ, ಆಮೇಲೆ ದಕ್ಷಿಣದ ವಿಲ್ಲಾಪಾ ಕೊಲ್ಲಿಯ ಹಿನ್ನೀರುಗಳಲ್ಲಿ, ಒಂದು ಕಾಲದಲ್ಲಿ ಹುಲ್ಲು ಮರ ಬೆಳೆದಿದ್ದ ನೆಲವು ಉಬ್ಬರದ ಕೆಸರಿನಡಿ ಹೂತುಹೋಗಿರುವುದನ್ನು ಕಂಡರು. ಅವರ ಲೇಖನ 1987ರಲ್ಲಿ ಪ್ರಕಟವಾಯಿತು.

ನಾನು ಕೆಲಸದ ನಿಮಿತ್ತ ಸಿಯಾಟಲ್ ಪ್ರದೇಶಕ್ಕೆ ಬಂದು ನೆಲೆಸಿದವನು. ಇಲ್ಲಿನ ಕಡಲತೀರದ ರಸ್ತೆಗಳಲ್ಲಿ ಅಲೆಯ ಮುಂದೆ ಗುಡ್ಡ ಹತ್ತುವ ಮನುಷ್ಯನ ಚಿತ್ರವಿರುವ ನೀಲಿ ಫಲಕಗಳನ್ನು ನೋಡುತ್ತಲೇ ಈ ವಿಷಯದ ಬೆನ್ನು ಹತ್ತಿದೆ. ಕೊಪಾಲಿಸ್ ನದಿಯ ಅಳಿವೆಯಿಂದ ಸ್ವಲ್ಪ ಒಳಗೆ, ಉಪ್ಪುನೀರಿನ ಜೌಗಿನ ನಡುವೆ, ಸತ್ತ ರೆಡ್ ಸೀಡರ್ ಮರಗಳ ಬೋಳು ಕಾಂಡಗಳು ನಿಂತಿವೆ. ಬೂದು ಬಣ್ಣಕ್ಕೆ ತಿರುಗಿ, ತೊಗಟೆ ಕಳಚಿ, ಮುನ್ನೂರು ವರ್ಷಗಳ ಮಳೆಗಾಳಿಗೆ ಸವೆದು, ಆದರೂ ಬೀಳದೆ. ಇಳಿತದ ಹೊತ್ತಿನಲ್ಲಿ ಗೆಳೆಯರೊಡನೆ ದೋಣಿಯಲ್ಲಿ ಹೋದಾಗ ನನ್ನ ಗಮನ ಸೆಳೆದದ್ದು ಮರಗಳಿಗಿಂತ ಹೆಚ್ಚಾಗಿ ನದಿಯ ದಡ. ಮೇಲ್ಗಡೆ ಇಂದಿನ ಹುಲ್ಲಿನ ಬೇರುಗಳು. ಅದರಡಿ ಎದೆಮಟ್ಟದವರೆಗೆ ಒಂದೇ ಸಮನಾದ ಬೂದು ಕೆಸರು, ಬೆರಳಿನಿಂದ ಒತ್ತಿದರೆ ಒತ್ತಿದ ಗುರುತು ಉಳಿಯುವಷ್ಟು ನಯ. ಅದರ ಕೆಳಗೆ ಕಡ್ಡಿ ಎಳೆದಂತೆ ಒಂದು ಗಡಿ, ಆ ಗಡಿಯಿಂದ ಕೆಳಕ್ಕೆ ಕಪ್ಪು ಕಂದು ಮಣ್ಣು, ಮಣ್ಣಿನಲ್ಲಿ ಇನ್ನೂ ನಾರುನಾರಾಗಿರುವ ಬೇರುಗಳು. ಆ ಗಡಿ ಕ್ರಮೇಣ ಕಪ್ಪಿನಿಂದ ಬೂದಿಗೆ ತಿರುಗುವುದಿಲ್ಲ. ಕಪ್ಪು ಅಲ್ಲಿಗೆ ಮುಗಿಯುತ್ತದೆ, ಬೂದು ಅಲ್ಲಿಂದ ಶುರುವಾಗುತ್ತದೆ. ಕಾಡಿನ ನೆಲ ನಿಧಾನವಾಗಿ ತಗ್ಗಿದ್ದರೆ ಹಾಗೆ ಆಗುತ್ತಿರಲಿಲ್ಲ. ಒಂದು ಮೀಟರಿಗೂ ಹೆಚ್ಚು ಅದು ಒಮ್ಮೆಗೇ ಕುಸಿದಿದೆ, ಉಬ್ಬರದ ಉಪ್ಪುನೀರು ಮರಗಳ ಬುಡಕ್ಕೆ ಬಂದಿದೆ, ಮರಗಳು ನಿಂತಲ್ಲೇ ಸತ್ತಿವೆ.

ವಿಲ್ಲಾಪಾ ಕೊಲ್ಲಿಯ ಸುತ್ತ ಈ ಎರಡು ಪದರಗಳ ನಡುವೆ ಸಮುದ್ರದ ಕಡೆಯಿಂದ ಬಂದ ಮರಳಿನ ತೆಳು ಹಾಸೂ ಇದೆ. ಮುಳುಗಿದ ಮಣ್ಣಿನಲ್ಲಿ ಬೇರೂರಿದ್ದ ಹುಲ್ಲಿನ ಎಲೆ ದಂಟುಗಳು ಆ ಮರಳಿನೊಳಗೆ ಕೊಳೆಯದೆ ಉಳಿದಿರುವುದನ್ನು ಆಟ್‌ವಾಟರ್ ತೋರಿಸಿದ್ದಾರೆ. ನೆಲ ಕುಸಿದ ಮೇಲೆ ಮರಳು ಬಂದು ಮುಚ್ಚಲು ಹೆಚ್ಚು ಕಾಲ ಹಿಡಿಯಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆರೆಗನ್ ತೀರದ ಸಾಲ್ಮನ್ ನದಿಯ ಅಳಿವೆಯಲ್ಲಿ ಜನ ಬೆಂಕಿ ಹಾಕಿದ ಒಲೆಗಳ ಗುರುತು ಅದೇ ಮುಳುಗಿದ ನೆಲದ ಮೇಲೆ ಸಿಕ್ಕಿದೆ, ಅದರ ಮೇಲೆ ಅದೇ ಮರಳು. ಈ ವಿವರವನ್ನು ಓದಿದಾಗ ಮಾತ್ರ ನನಗೆ ಇದು ಪದರಗಳ ವಿಷಯವಾಗಿ ಉಳಿಯಲಿಲ್ಲ. ಅಲ್ಲಿ ಅಡುಗೆ ಮಾಡಿದವರಿದ್ದರು.

ಕಾಲನಿರ್ಣಯದ ಕೆಲಸ ಸುಲಭವಾಗಿರಲಿಲ್ಲ. ರೇಡಿಯೋ ಕಾರ್ಬನ್ ವಿಧಾನ ದಶಕಗಳ ಅಂತರದೊಳಗೆ ಮಾತ್ರ ಹೇಳಬಲ್ಲುದು. ಡೇವಿಡ್ ಯಾಮಾಗುಚಿ ಸತ್ತ ಸೀಡರ್‌ಗಳ ಬೆಳವಣಿಗೆಯ ಉಂಗುರಗಳನ್ನು ವಿಲ್ಲಾಪಾ ಕೊಲ್ಲಿಯ ಲಾಂಗ್ ಐಲ್ಯಾಂಡ್‌ನಲ್ಲಿ ಇನ್ನೂ ಬದುಕಿರುವ ಪ್ರಾಚೀನ ಸೀಡರ್‌ಗಳ ಉಂಗುರಗಳೊಂದಿಗೆ ಹೋಲಿಸಿ ನೋಡಿದರು. ಕಾಂಡಗಳ ಹೊರಭಾಗ ಸವೆದುಹೋಗಿದ್ದರಿಂದ ಕೊನೆಯ ಉಂಗುರ ಅಲ್ಲಿ ಸಿಗುವಂತಿರಲಿಲ್ಲ. ಆದ್ದರಿಂದ ಕೆಸರಿನಡಿ ತೊಗಟೆ ಸಮೇತ ಉಳಿದಿದ್ದ ಬೇರುಗಳನ್ನು ಅಗೆದು ತೆಗೆದರು. ಆ ಬೇರುಗಳ ಕೊನೆಯ ಉಂಗುರ 1699ರ ಬೆಳವಣಿಗೆಯದು. 1700ರ ವಸಂತದಲ್ಲಿ ಬೆಳೆಯಬೇಕಿದ್ದ ಉಂಗುರ ಬೆಳೆಯಲೇ ಇಲ್ಲ. ಎಂದರೆ ಆ ಚಳಿಗಾಲದಲ್ಲಿ ಮರಗಳು ಸತ್ತಿದ್ದವು.

ದಿನಾಂಕ ಸಿಕ್ಕಿದ್ದು ಶಾಂತಸಾಗರದ ಆಚೆ ದಡದಲ್ಲಿ. ಜಪಾನಿನಲ್ಲಿ ಗೆನ್ರೊಕು ಯುಗದ 12ನೆಯ ವರ್ಷದ 12ನೆಯ ತಿಂಗಳಲ್ಲಿ, ಎಂದರೆ 1700ರ ಜನವರಿಯ ಕೊನೆಯಲ್ಲಿ, ಯಾವ ನಡುಕವೂ ಇಲ್ಲದೆ ಸಮುದ್ರ ಏರಿ ಬಂದ ದಾಖಲೆಗಳಿವೆ. ಕುವಾಗಾಸಾಕಿ ಎಂಬ ಊರಿನಲ್ಲಿ ನಡುರಾತ್ರಿ ನೀರು ನುಗ್ಗಿ 13 ಮನೆಗಳು ಕೊಚ್ಚಿಹೋದವು, ಆ ಗಲಿಬಿಲಿಯಲ್ಲಿ ಹೊತ್ತಿದ ಬೆಂಕಿಗೆ 20 ಮನೆಗಳು ಸುಟ್ಟವು. ಬೇರೆ ಊರುಗಳಲ್ಲಿ ಗದ್ದೆಗಳು ಹಾಳಾದವು, ಅಕ್ಕಿ ಸಾಗಿಸುತ್ತಿದ್ದ ಹಡಗೊಂದು ನಾಶವಾಯಿತು. ತಾಯಿಯಿಲ್ಲದ ಸುನಾಮಿ ಎಂದು ಆ ದೇಶದ ಸಂಶೋಧಕರು ಇದನ್ನು ಬಹುಕಾಲ ಬಿಡಿಸದೆ ಇಟ್ಟಿದ್ದರು. ಕೆಂಜಿ ಸತಾಕೆ ಮತ್ತು ಸಂಗಡಿಗರು 1996ರಲ್ಲಿ, ಅಲೆ ಹುಟ್ಟಿದ್ದು ಕ್ಯಾಸ್ಕೇಡಿಯಾದಲ್ಲಿ ಎಂದು ತೋರಿಸಿ, ಅದು ಸಾಗರ ದಾಟಲು ಬೇಕಾದ ಸುಮಾರು ಹತ್ತು ಗಂಟೆಗಳನ್ನು ಕಳೆದು, ಭೂಕಂಪವಾದದ್ದು ಇಲ್ಲಿನ ಕಾಲಮಾನದಂತೆ 1700ರ ಜನವರಿ 26ರ ರಾತ್ರಿ ಸುಮಾರು 9 ಗಂಟೆಗೆ ಎಂದು ನಿರ್ಧರಿಸಿದರು. ಅದರ ಪ್ರಮಾಣ 8.7ರಿಂದ 9.2ರ ನಡುವೆ ಇದ್ದಿರಬೇಕೆಂದು ಮುಂದಿನ ಅಧ್ಯಯನಗಳು ಅಂದಾಜು ಮಾಡಿದವು.

ರಾತ್ರಿಯ ಹೊತ್ತು ಇರಬೇಕು ಎಂದು ನೂಕ್ಮಿಸ್ ಹೇಳಿ ಆಗ ಮೂವತ್ತೆರಡು ವರ್ಷಗಳಾಗಿದ್ದವು.

ಆಮೇಲೆ ಕಥನಗಳನ್ನು ಒಟ್ಟುಗೂಡಿಸಿ ನೋಡುವ ಗಂಭೀರ ಕೆಲಸ ನಡೆಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಭೂಕಂಪತಜ್ಞೆ ರುತ್ ಲಡ್ವಿನ್, ಮೂಲನಿವಾಸಿ ಸಮುದಾಯಗಳವರೂ ಸೇರಿದ ಸಂಗಡಿಗರೊಂದಿಗೆ, ವ್ಯಾಂಕೂವರ್ ದ್ವೀಪದಿಂದ ಕ್ಯಾಲಿಫೋರ್ನಿಯಾದವರೆಗಿನ ಹತ್ತಾರು ಕಥನಗಳನ್ನು ಹುಡುಕಿ 2005ರಲ್ಲಿ ಪ್ರಕಟಿಸಿದರು. ಗುಡುಗು ಹಕ್ಕಿಯು ತಿಮಿಂಗಿಲವನ್ನು ಉಗುರುಗಳಲ್ಲಿ ಎತ್ತಿ ನೆಲಕ್ಕೆ ಹಾಕುವಾಗ ಭೂಮಿ ನಡುಗಿ ಸಮುದ್ರ ಏರುವುದನ್ನು ಹೇಳುವ ಕತೆಗಳು ಅವುಗಳಲ್ಲಿವೆ; ಅಜ್ಜನ ಅಜ್ಜ ಚಿಕ್ಕವನಿದ್ದಾಗ ನಡೆದದ್ದು ಎಂಬಂತೆ ತಲೆಮಾರಿನ ಲೆಕ್ಕ ಕೊಡುವ ಕುಟುಂಬಕಥನಗಳೂ ಇವೆ. ಹಾಗೆ ಲೆಕ್ಕ ಸಿಗುವ ಕೆಲವನ್ನು ಆಯ್ದು, ತಲೆಮಾರುಗಳನ್ನು ವರ್ಷಗಳಿಗೆ ಪರಿವರ್ತಿಸಿದಾಗ ಒಂದೊಂದೂ ಬೇರೆಬೇರೆ ಕಾಲವನ್ನು ತೋರಿಸಿದವು, ಕೆಲವು ನೂರಾರು ವರ್ಷ ಆಚೀಚೆ ಹೋದವು. ಆದರೆ ಎಲ್ಲವನ್ನೂ ಸೇರಿಸಿದ ಸರಾಸರಿ 1700ರ ಆಸುಪಾಸಿಗೆ ಬಂದು ನಿಂತಿತು. ಮರದ ಉಂಗುರಕ್ಕೆ ಇರುವ ನಿಖರತೆ ಇದಕ್ಕಿಲ್ಲ. ಆದರೆ ಬೇರೆಬೇರೆ ಭಾಷೆಗಳ, ನೂರಾರು ಮೈಲಿ ಅಂತರದ ಕುಟುಂಬಗಳು ತಂತಮ್ಮಲ್ಲಿ ಕಾಯ್ದುಕೊಂಡು ಬಂದದ್ದು ಹೀಗೆ ಒಂದೇ ಕಡೆಗೆ ಕೂಡುವುದನ್ನು ಆಕಸ್ಮಿಕ ಎನ್ನಲಾಗದು.

ಕಥನಗಳು ಮರಳು ಹೇಳದ್ದನ್ನು ಹೇಳುತ್ತವೆ. ಅಲೆ ಎಷ್ಟು ಒಳಗೆ ಬಂತು ಎಂಬುದನ್ನು ಮರಳಿನ ಹಾಸು ತೋರಿಸುತ್ತದೆ; ಅದು ಬಂದಾಗ ಜನ ಎಲ್ಲಿದ್ದರು, ಯಾರು ಉಳಿದರು, ಉಳಿದವರು ಏಕೆ ಉಳಿದರು, ದೋಣಿಗಳು ಯಾವ ಕಡೆಗೆ ಹೋದವು ಎಂಬುದನ್ನು ಮರಳು ಹೇಳಲಾರದು. ಅಷ್ಟೇ ನಿಜವಾಗಿ, ನೆಲ ಆಗೊಮ್ಮೆ ಈಗೊಮ್ಮೆ ಹೀಗೆ ಮಾಡುತ್ತದೆ ಎಂದು ಕಥನ ಹೇಳಿದರೆ, ಎಷ್ಟು ಸಲ, ಎಷ್ಟೆಷ್ಟು ಅಂತರದಲ್ಲಿ ಎಂಬುದಕ್ಕೆ ಸಮುದ್ರದ ತಳಕ್ಕೇ ಹೋಗಬೇಕು. ಭೂಕಂಪಗಳ ನಡುಕಕ್ಕೆ ಕಡಲಾಳಕ್ಕೆ ಜಾರಿದ ಕೆಸರಿನ ಪದರಗಳನ್ನು ಎಣಿಸಿದ ಕ್ರಿಸ್ ಗೋಲ್ಡ್‌ಫಿಂಗರ್ ಮತ್ತು ಸಂಗಡಿಗರು, ಕಳೆದ 10,000 ವರ್ಷಗಳಲ್ಲಿ ಇಡೀ ವಲಯ ಸೀಳಿದಂಥ ಭೂಕಂಪಗಳು 19 ಎಂದು 2012ರಲ್ಲಿ ಅಂದಾಜು ಕೊಟ್ಟರು. ನೂಕ್ಮಿಸ್ ಅವರ ಆ ಒಂದು ಮಾತು ನನಗೆ ಬಹಳ ದೊಡ್ಡದಾಗಿ ಕಾಣುವುದು ಇದರಿಂದಲೇ. ಒಂದೇ ಸಲ ಬಂದ ಅನಾಹುತದ ನೆನಪು ಅದಲ್ಲ. ಈ ನೆಲದ ಸ್ವಭಾವವೇ ಹೀಗೆ ಎಂಬ ತಿಳಿವಳಿಕೆ ಅದು, ಬಹಳ ಕಾಲ ಒಂದೇ ಕಡೆ ಬಾಳಿದವರಿಗೆ ಮಾತ್ರ ಬರುವಂಥದ್ದು.

ಇಂಥ ತಿಳಿವಳಿಕೆಗೆ ವಿದ್ವತ್ತಿನ ಲೋಕ ಕೊಟ್ಟ ಬೆಲೆಯನ್ನು ನೆನೆದರೆ ನೋವಾಗುತ್ತದೆ. ಮಾನವಶಾಸ್ತ್ರಜ್ಞ ರಾಬರ್ಟ್ ಲೋವಿ 1915ರಲ್ಲಿ, ಮೌಖಿಕ ಪರಂಪರೆಗೆ ಯಾವ ಸಂದರ್ಭದಲ್ಲೂ ಯಾವ ಚಾರಿತ್ರಿಕ ಮೌಲ್ಯವನ್ನೂ ತಾನು ಕೊಡಲಾರೆ ಎಂದು ಖಡಾಖಂಡಿತವಾಗಿ ಬರೆದರು. ಇದು ಪುಸ್ತಕದ ಜಗಳವಾಗಿ ಉಳಿಯಲಿಲ್ಲ, ನ್ಯಾಯಾಲಯಕ್ಕೂ ಬಂತು. ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ಸುಮಾರು 58,000 ಚದರ ಕಿಲೋಮೀಟರ್ ನೆಲದ ಮೇಲಿನ ತಮ್ಮ ಹಕ್ಕನ್ನು ಸ್ಥಾಪಿಸಲು ಹೂಡಿದ ಡೆಲ್ಗಮೂಕ್ ಮೊಕದ್ದಮೆಯ ವಿಚಾರಣೆ 1987ರಲ್ಲಿ ಆರಂಭವಾಯಿತು. ಗಿಟ್‌ಕ್ಸಾನ್ ಮನೆತನಗಳಿಗೆ ತಂತಮ್ಮ ಚರಿತ್ರೆಯನ್ನು ಹೇಳುವ ಕಥನಗಳೂ ಹಾಡುಗಳೂ ಇವೆ. ಅವೇ ಅವರ ಭೂದಾಖಲೆ, ಅವೇ ಹಕ್ಕುಪತ್ರ. ಸಾಕ್ಷ್ಯ ನುಡಿಯುತ್ತಿದ್ದ ಹಿರಿಯಳಾದ ಮೇರಿ ಜಾನ್ಸನ್ ತಮ್ಮ ಮನೆತನದ ಹಾಡನ್ನು ಹಾಡಲು ಮುಂದಾದಾಗ ನ್ಯಾಯಮೂರ್ತಿ ಅಲನ್ ಮೆಕ್ಈಚರ್ನ್, ತಮ್ಮದು ಸಂಗೀತ ತಿಳಿಯದ ತಗಡಿನ ಕಿವಿ, ಹಾಡಿದರೆ ತಮಗೆ ಏನೂ ಉಪಯೋಗವಿಲ್ಲ ಎಂಬರ್ಥದಲ್ಲಿ ತಡೆಯಲು ನೋಡಿದರು. ಆಕೆ ಹಾಡಿದರು.

ಅದೇ ಮೊಕದ್ದಮೆಯಲ್ಲಿ ಬಂದ ಒಂದು ಕಥನ ಮೆದೀಕ್ ಎಂಬ ದೈತ್ಯ ಕರಡಿಯದು. ಅದು ಬೆಟ್ಟದ ಹೊಳೆಯ ಪಾತ್ರದಲ್ಲಿ ಮರಗಳನ್ನು ಬುಡಮೇಲು ಮಾಡುತ್ತ ಇಳಿದುಬಂದು ಹೇಜಲ್ಟನ್ ಬಳಿಯ ಜನರನ್ನು ಕೊಂದಿತು ಎನ್ನುತ್ತದೆ ಕಥನ. ಅಲ್ಲಿನ ಸೀಲಿ ಸರೋವರದ ತಳದಿಂದ ಕೆಸರಿನ ಮಾದರಿ ತೆಗೆದು ಪರೀಕ್ಷಿಸಿದ ಭೂವಿಜ್ಞಾನಿಗಳಿಗೆ, ಸುಮಾರು 3,500 ವರ್ಷಗಳ ಹಿಂದೆ ಮೇಲಿನ ಕಣಿವೆಯಿಂದ ಕಲ್ಲು ಮಣ್ಣು ಮರಗಳ ದೊಡ್ಡ ಹರಿವು ಇಳಿದು ಬಂದು ಸರೋವರದ ಮಟ್ಟವನ್ನೇ ಬದಲಿಸಿದ್ದು ಕಂಡಿತು. ಕಥನದ ಜಾಗ, ಕಥನದ ದಾರಿ, ಕಥನದ ಪರಿಣಾಮ ಮೂರೂ ನೆಲದಲ್ಲಿದ್ದವು. ಇಷ್ಟಾದರೂ 1991ರ ತೀರ್ಪು ಮೌಖಿಕ ಕಥನಗಳಿಗೆ ಸ್ವತಂತ್ರ ಸಾಕ್ಷ್ಯದ ಬೆಲೆ ಕೊಡಲಿಲ್ಲ. ಕೆನಡಾದ ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ ಆ ನಿಲುವನ್ನು ತಳ್ಳಿಹಾಕಿ, ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಯ ಸಮಕ್ಕೆ ಇಟ್ಟು ತೂಗಬೇಕು ಎಂದಿತು. ಮೂಲನಿವಾಸಿಗಳ ಮಾತನ್ನು ನಂಬಲು ಪ್ರತಿ ಸಲವೂ ಒಂದು ಕೆಸರಿನ ಮಾದರಿ ಬೇಕು ಎಂಬ ಸ್ಥಿತಿ ಇರಬಾರದು ಎಂದು ನಾನು ಬಲವಾಗಿ ನಂಬುತ್ತೇನೆ. ಕೆಸರಿನ ಮಾದರಿ ಇರುವಲ್ಲಿ ಅದನ್ನು ತೆಗೆಯದೆ ಬಿಡುವುದು ಸರಿಯಲ್ಲ ಎಂದೂ ಅಷ್ಟೇ ಬಲವಾಗಿ ನಂಬುತ್ತೇನೆ.

ಏಕೆಂದರೆ ಇನ್ನೊಂದು ತುದಿಯ ಅಪಾಯವೂ ಇದೆ, ಅದು ನಮಗೆ ಹತ್ತಿರದ್ದು. ಪರಶುರಾಮ ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿ ತುಳುನಾಡು, ಕೊಂಕಣ, ಮಲಬಾರುಗಳ ನೆಲ ಪಡೆದ ಎಂಬ ಕತೆಯನ್ನು ಎತ್ತಿಕೊಂಡು, ಕಡಲು ಹಿಂದೆ ಸರಿದುದನ್ನು ನಮ್ಮ ಹಿರಿಯರು ಕಂಡಿದ್ದರು ಎಂದು ಒಂದೇ ಜಿಗಿತದಲ್ಲಿ ಹೇಳಿಬಿಡುವವರನ್ನು ಕರಾವಳಿಯಲ್ಲಿ ಅನೇಕ ಸಲ ಕೇಳಿದ್ದೇನೆ. ಹಾಗಿರಬಹುದು, ಇಲ್ಲದಿರಬಹುದು. ಕ್ಯಾಸ್ಕೇಡಿಯಾದ ಕಥನಗಳಿಗೆ ಬಲ ಬಂದದ್ದು ಅವು ಯಾವ ದಂಡೆ, ಯಾವ ಗುಡ್ಡ, ಯಾರ ಮನೆತನ ಎಂದು ಗುರುತು ಹೇಳಿದ್ದರಿಂದ. ಭೂವಿಜ್ಞಾನಿಗಳು ಹುಡುಕುವುದಕ್ಕೆ ಮೊದಲೇ ದಾಖಲಾಗಿದ್ದರಿಂದ. ಮರ, ಮರಳು, ಜಪಾನಿನ ಕಡತ ಇವು ಒಂದನ್ನೊಂದು ಅವಲಂಬಿಸದೆ ಅದೇ ಜಾಗಕ್ಕೆ ಬಂದು ಸೇರಿದ್ದರಿಂದ. ಬಾಲ್ಚ್ ಹೇಳಿದ ಕಥನದಲ್ಲೂ ಸುನಾಮಿಗೆ ಹೊಂದದ ಅಂಶಗಳಿವೆ. ನೀರು ಇಳಿಯಲು ನಾಲ್ಕು ದಿನ ಹಿಡಿಯಿತು, ಏರುವಾಗ ಬೆಚ್ಚಗಾಗಿತ್ತು, ತೆರೆಗಳಿಲ್ಲದೆ ಏರಿತು ಎಂಬ ವಿವರಗಳನ್ನು ಬಿಟ್ಟು ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವುದು ಪ್ರಾಮಾಣಿಕತೆಯಾಗದು. ಅವು ಬೇರೊಂದು ಘಟನೆಯಿಂದ ಬಂದು ಕೂಡಿಕೊಂಡವೋ, ಹೇಳುವ ರೀತಿಗೆ ಸೇರಿದವೋ, ಅವನ್ನು ಅಲ್ಲೇ ಉಳಿಸಿಕೊಂಡು ಓದಬೇಕು.

ಪುರಾವೆಯ ಹಾದಿ ಎಷ್ಟು ಸೂಕ್ಷ್ಮವಾಗಿರಬಲ್ಲುದು ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ನಿದರ್ಶನ ನನಗೆ ಬಹಳ ಪ್ರಿಯವಾದುದು. ಕ್ವೀನ್ಸ್‌ಲ್ಯಾಂಡಿನ ಈಚಮ್, ಬ್ಯಾರಿನ್, ಯೂರಮೊ ಎಂಬ ಮೂರು ಸರೋವರಗಳು ಜ್ವಾಲಾಮುಖಿಯ ಕುಳಿಗಳು. ಅವು ಹುಟ್ಟಿದ ಬಗೆಯನ್ನು ಹೇಳುವ ಅಲ್ಲಿನ ಜನರ ಕಥನವನ್ನು ಭಾಷಾಶಾಸ್ತ್ರಜ್ಞ ಆರ್. ಎಂ. ಡಬ್ಲ್ಯು. ಡಿಕ್ಸನ್ 1960ರ ದಶಕದಲ್ಲಿ ದಾಖಲಿಸಿದರು. ಇಬ್ಬರು ಹುಡುಗರು ಕಟ್ಟಳೆ ಮುರಿದುದಕ್ಕೆ ಕಾಮನಬಿಲ್ಲಿನ ಹಾವು ಸಿಟ್ಟಾಗುತ್ತದೆ, ಗಾಳಿ ಬೀಸುತ್ತದೆ, ಆಕಾಶದಲ್ಲಿ ಹಿಂದೆಂದೂ ಕಾಣದ ಕೆಂಪು ಮೋಡ ಕವಿಯುತ್ತದೆ, ನೆಲ ಬಿರಿಯುತ್ತದೆ. ಕತೆ ಹೇಳಿದವರು ನಡುವೆ ಒಂದು ಮಾತು ಸೇರಿಸಿದರಂತೆ: ಆಗ ಇಲ್ಲಿ ಈ ದಟ್ಟ ಮಳೆಕಾಡು ಇರಲಿಲ್ಲ, ಕುರುಚಲು ಬಯಲಿತ್ತು. ಸರೋವರದ ತಳದ ಪರಾಗಕಣಗಳ ಅಧ್ಯಯನ ಆಮೇಲೆ ತೋರಿಸಿದ್ದು ಅದನ್ನೇ. ಅಲ್ಲಿನ ಮಳೆಕಾಡಿಗೆ ಸುಮಾರು 7,600 ವರ್ಷಗಳಷ್ಟೇ ವಯಸ್ಸು, ಕುಳಿಗಳು ಅದಕ್ಕೂ ಹಿಂದಿನವು. ಬೆಂಕಿಯುಗುಳುವ ಹಾವನ್ನು ಯಾರು ಬೇಕಾದರೂ ಕಲ್ಪಿಸಿಕೊಂಡಾರು. ಈಗಿರುವ ಕಾಡು ಆಗ ಇರಲಿಲ್ಲ ಎಂಬ ಆ ಸಣ್ಣ ವಿವರವನ್ನು ಕಲ್ಪಿಸಿಕೊಳ್ಳಲು ಯಾವ ಕಾರಣವೂ ಇರಲಿಲ್ಲ.

ಇಂಥ ಅಧ್ಯಯನಗಳನ್ನು ಓದುವಾಗ ನನಗಿರುವ ಒಂದು ತಕರಾರನ್ನೂ ಹೇಳಬೇಕು. ಕಟ್ಟಳೆ ಮುರಿದ ಹುಡುಗರು, ಗುಡುಗು ಹಕ್ಕಿ ಇವರನ್ನೆಲ್ಲ ಸಿಪ್ಪೆಯಂತೆ ಸುಲಿದು ಒಳಗಿನ ತಿರುಳನ್ನು ಮಾತ್ರ ಭೂವಿಜ್ಞಾನಕ್ಕೆ ಎತ್ತಿಕೊಳ್ಳುವ ಕ್ರಮ ಸರಿಯೆನಿಸುವುದಿಲ್ಲ. ಬ್ರಿಟಿಷ್ ಕೊಲಂಬಿಯಾದ ನಿಸ್ಗಾ ಜನರ ನಾಸ್ ಕಣಿವೆಯಲ್ಲಿ ಟ್ಸೀಯಾಕ್ಸ್ ಜ್ವಾಲಾಮುಖಿಯ ಲಾವಾ ಹರಿದು ಊರುಗಳು ಮುಚ್ಚಿಹೋದವು, ಸುಮಾರು 2,000 ಜನ ಸತ್ತರು ಎಂದು ಅವರ ಪರಂಪರೆ ಹೇಳುತ್ತದೆ. ಮಕ್ಕಳು ಹೊಳೆಯ ಸಾಲ್ಮನ್ ಮೀನುಗಳ ಬೆನ್ನು ಸೀಳಿ ಉರಿಯುವ ಕಡ್ಡಿ ಸಿಕ್ಕಿಸಿ ಆಟವಾಡಿದ್ದೇ ಇದಕ್ಕೆ ಕಾರಣವಾಯಿತು ಎನ್ನುತ್ತಾರೆ ಅವರು. ಲಾವಾದ ರಸಾಯನಕ್ಕೂ ಮೀನಿಗೂ ಸಂಬಂಧವಿಲ್ಲ, ನಿಜ. ಆದರೆ ಆ ಕಥನ ತಲೆಮಾರುಗಳನ್ನು ದಾಟಿ ಬಂದದ್ದು ಲಾವಾದ ದಿಕ್ಕನ್ನು ತಿಳಿಸಬೇಕೆಂದಲ್ಲ. ಜೀವಿಗಳೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಮಕ್ಕಳಿಗೆ ಹೇಳಬೇಕಾಗಿತ್ತು, ಅದರ ಜೊತೆಗೆ ಲಾವಾದ ದಿಕ್ಕೂ ಉಳಿದುಬಂತು. ಹೊರುವುದನ್ನು ಕಳಚಿದರೆ ಹೊತ್ತದ್ದೂ ಮುಂದೆ ಹೋಗುವುದಿಲ್ಲ. ಜೊತೆಗೆ, ಈ ಕರಾವಳಿಯ ಬಹುತೇಕ ಸಮುದಾಯಗಳಲ್ಲಿ ಕಥನವೆಂಬುದು ಆಸ್ತಿ. ಯಾವುದನ್ನು ಯಾರು, ಯಾರ ಮುಂದೆ, ಯಾವ ಸಂದರ್ಭದಲ್ಲಿ ಹೇಳಬಹುದು ಎಂಬುದು ಮನೆತನಗಳ ಹಕ್ಕು. ಅನುಮತಿ ಕೇಳದೆ ತೆಗೆದುಕೊಂಡ ಕಥನದಿಂದ ಎಷ್ಟೇ ಒಳ್ಳೆಯ ಸಂಶೋಧನೆ ಹುಟ್ಟಿದರೂ ಅದರಲ್ಲಿ ಒಂದು ಅನ್ಯಾಯ ಉಳಿದೇ ಇರುತ್ತದೆ.

ಕಥನ ಬದುಕಿದ್ದರೆ ಜನ ಬದುಕುತ್ತಾರೆ ಎಂಬುದನ್ನು 2004ರ ಡಿಸೆಂಬರ್ 26 ತೋರಿಸಿತು. ಇಂಡೋನೇಷ್ಯಾದ ಸಿಮೆಯುಲು ದ್ವೀಪ ಆ ಭೂಕಂಪದ ಕೇಂದ್ರಕ್ಕೆ ತೀರ ಸಮೀಪದಲ್ಲಿತ್ತು. 1907ರ ಸುನಾಮಿಯಲ್ಲಿ ಬಹಳ ಜನರನ್ನು ಕಳೆದುಕೊಂಡ ಆ ದ್ವೀಪದವರು, ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡ ಹತ್ತಬೇಕು ಎಂಬುದನ್ನು ಲಾಲಿಯಲ್ಲಿ, ಕತೆಯಲ್ಲಿ, ಪದ್ಯದಲ್ಲಿ ಮಕ್ಕಳಿಗೆ ಹೇಳುತ್ತ ಬಂದಿದ್ದರು. ಸುನಾಮಿಗೆ ಅವರ ಮಾತಿನಲ್ಲಿರುವ ಹೆಸರಾದ ಸ್ಮೊಂಗ್ ಎಂದು ಕೂಗುತ್ತ ಊರಿಗೆ ಊರೇ ಮೇಲೆ ಓಡಿತು. ಸುಮಾರು 78,000 ಜನರಿದ್ದ ದ್ವೀಪದಲ್ಲಿ ಸತ್ತವರು 7 ಮಂದಿ.

ಕ್ಯಾಸ್ಕೇಡಿಯಾದಲ್ಲೂ ಈಗ ಕಥನ ಮತ್ತು ಭೂವಿಜ್ಞಾನ ಒಂದೇ ನಕ್ಷೆಯ ಮೇಲೆ ಕೂತಿವೆ. ವಾಷಿಂಗ್ಟನ್ ತೀರದ ಕ್ವಿಲಿಯೂಟ್ ಜನರ ಊರು ಸಮುದ್ರಕ್ಕೆ ಅಂಟಿಕೊಂಡಿದ್ದು, ಎತ್ತರಕ್ಕೆ ಹೋಗಲು ಅವರಿಗೆ ನೆಲವೇ ಇರಲಿಲ್ಲ. ಸುತ್ತಲಿನದೆಲ್ಲ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತ್ತು. 2012ರಲ್ಲಿ ಕಾನೂನು ಮಾಡಿ ಉದ್ಯಾನದ ಸ್ವಲ್ಪ ಎತ್ತರದ ನೆಲವನ್ನು ಅವರಿಗೆ ಕೊಡಲಾಯಿತು, ಅಲ್ಲಿ ಅವರು ಮೊದಲು ಕಟ್ಟಿದ್ದು ಮಕ್ಕಳ ಶಾಲೆಯನ್ನು. ಇನ್ನೂ ದಕ್ಷಿಣಕ್ಕೆ, ವಿಲ್ಲಾಪಾ ಕೊಲ್ಲಿಯ ಬಾಯಿಯಲ್ಲಿರುವ ಟೋಕ್‌ಲ್ಯಾಂಡ್ ಎಂಬ ಚಾಚಿನಲ್ಲಿ ಗುಡ್ಡ ಹತ್ತಿರವಿಲ್ಲ. ನಡುಕ ನಿಂತ ಮೇಲೆ ಅಲೆ ಬರುವುದರೊಳಗೆ ಮುದುಕರೂ ಮಕ್ಕಳೂ ನಡೆದು ಮುಟ್ಟುವ ಎತ್ತರ ಅಲ್ಲಿ ಇಲ್ಲ. ಆದ್ದರಿಂದ ಶೋಲ್‌ವಾಟರ್ ಬೇ ಬುಡಕಟ್ಟಿನವರು ಕೇಂದ್ರ ಸರ್ಕಾರದ ನೆರವು ಪಡೆದು, ಆಳಕ್ಕೆ ಕಂಬಗಳನ್ನು ಇಳಿಸಿ, ನಾನೂರಕ್ಕೂ ಹೆಚ್ಚು ಜನ ನಿಲ್ಲಬಹುದಾದ ಉಕ್ಕಿನ ಗೋಪುರವೊಂದನ್ನು ಕಟ್ಟಿ 2022ರಲ್ಲಿ ತೆರೆದರು. ಅದರ ಮೆಟ್ಟಿಲಿಗೆ ಬೀಗವಿಲ್ಲ. ಬುಡಕಟ್ಟಿನವರು, ಅಕ್ಕಪಕ್ಕದ ಬಿಳಿಯರು, ಆ ದಿನ ಕಡಲು ನೋಡಲು ಬಂದವರು, ಯಾರು ಬೇಕಾದರೂ ಹತ್ತಬಹುದು.